ದಾವಣಗೆರೆ–ದುರ್ಗ ದಿನದ ಓಡಾಟ: ಕಾರು ಬದಲಿಸಲೋ, ವೇಗ ಬದಲಿಸಲೋ?

ಕೇಳಿದವರು, ದಾವಣಗೆರೆ ವಿದ್ಯಾನಗರ:
ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗಕ್ಕೆ ವರ್ಗವಾಗಿ ಐದು ತಿಂಗಳಾಯಿತು. ಮಕ್ಕಳ ಶಾಲೆ ಇಲ್ಲೇ ಇರುವುದರಿಂದ ಮನೆ ಬದಲಿಸಿಲ್ಲ, ದಿನಾ ಕಾರಿನಲ್ಲೇ ಹೋಗಿ ಬರುತ್ತೇನೆ. ಎರಡೂ ಕಡೆ ಸೇರಿ 120 ಕಿ.ಮೀ. ಆಗುತ್ತದೆ. ಗಾಡಿ 1200 ಸಿಸಿ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ವರ್ಷದ್ದು. ಹೈವೇಯಲ್ಲಿ 100ರಿಂದ 110ರಲ್ಲಿ ಹೋಗುತ್ತೇನೆ. ಲೀಟರಿಗೆ 15 ಕಿ.ಮೀ. ದಾಟುತ್ತಿಲ್ಲ. ಕೊಳ್ಳುವಾಗ 20ಕ್ಕಿಂತ ಜಾಸ್ತಿ ಅಂದಿದ್ದರು. ತಿಂಗಳಿಗೆ ಪೆಟ್ರೋಲಿಗೇ 20 ಸಾವಿರ ಹೋಗುತ್ತಿದೆ, ಸಂಬಳದಲ್ಲಿ ಇದು ತಡೆಯುವ ಮೊತ್ತವಲ್ಲ. 1000 ಸಿಸಿ ಗಾಡಿಗೆ ಬದಲಿಸು ಅಂತ ನಮ್ಮ ಭಾವ. ಸಣ್ಣ ಇಂಜಿನ್ ಹೈವೇಯಲ್ಲಿ ಏದುಸಿರು ಬಿಡುತ್ತೆ, 1500 ಡೀಸೆಲ್ ತಗೊಳ್ಳಿ ಅಂತ ಆಫೀಸಿನವರು. ಈ ದಾರಿಯಲ್ಲಿ ಓಡಾಡುವವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಟ್ಯಾಕ್ಸಿ ಚಾಲಕ, ಚಿತ್ರದುರ್ಗ:
ಸಾರ್, ಗಾಡಿ ಮಾರೋ ಮಾತು ಆಮೇಲೆ. ಮೊದ್ಲು ಒಂದು ತಿಂಗಳು 80ರಲ್ಲಿ ಹೋಗಿ ನೋಡ್ರಿ. ನಾನು 14 ವರ್ಷದಿಂದ ಇದೇ ರೋಡಲ್ಲಿ ದುಡೀತಿದ್ದೀನಿ. ನಂದು 1250 ಸಿಸಿ ಡೀಸೆಲ್ ಸೆಡಾನ್. ಬೆಂಗಳೂರಲ್ಲಿ ಟೈಮಿಗೆ ಮುಟ್ಟಿಸ್ಬೇಕು ಅನ್ನೋ ಬಾಡಿಗೆ ಸಿಕ್ಕಿದ್ರೆ 110, 115ರಲ್ಲಿ ಹೋಗ್ತೀನಿ, ಆಗ 17 ಕೊಡ್ತದೆ. ಅದೇ ಗಾಡಿ, ಅದೇ ರೋಡು, ವಾಪಸ್ ಖಾಲಿ ಬರುವಾಗ 80 ದಾಟ್ಸಲ್ಲ, 23 ಕೊಡ್ತದೆ. ಬಾಡಿಗೆ ಹೊಡೆಯೋರಿಗೆ ಆ 6 ಕಿಲೋಮೀಟರೇ ಲಾಭ. ಇನ್ನೊಂದು ಮಾತು, ಮುಂದೆ ಟೋಲು ಕಾಣ್ತಿದ್ದಂಗೆ ಕಾಲು ತೆಗೀರಿ. ಹೆಬ್ಬಾಳು ಟೋಲ್ ತನಕ 100ರಲ್ಲಿ ಬಂದು ಗಕ್ಕನೆ ಬ್ರೇಕ್ ಒತ್ತಿದ್ರೆ ಅಷ್ಟು ಹೊತ್ತು ಸುಟ್ಟಿದ್ದೆಲ್ಲ ಬ್ರೇಕಿನ ಬಿಸಿಯಾಗಿ ಹೋಯ್ತು ಅಂತ ಲೆಕ್ಕ.

ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕ, ದಾವಣಗೆರೆ:
ಚಾಲಕ ಅಣ್ಣ ಹೇಳಿದ್ದು ಸರಿ. ಯಾಕೆ ಸರಿ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಸಿಸಿ ನೋಡಿ ಲಕ್ಷಗಟ್ಟಲೆ ಸುರಿಯುವವರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಾರು ಮುಖ್ಯವಾಗಿ ಎರಡು ತಡೆಗಳ ವಿರುದ್ಧ ಓಡುತ್ತದೆ. ಟೈರಿನ ಉರುಳು ತಡೆ ವೇಗ ಹೆಚ್ಚಿದರೂ ಅಷ್ಟೇನೂ ಬದಲಾಗುವುದಿಲ್ಲ. ಗಾಳಿಯ ತಡೆ ಹಾಗಲ್ಲ, ವೇಗದ ವರ್ಗದಂತೆ (ವೇಗವನ್ನು ವೇಗದಿಂದಲೇ ಗುಣಿಸಿದಂತೆ) ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚಿದ್ದು ಕಾಲು ಭಾಗ, ಗಾಳಿಯ ತಡೆ ಹೆಚ್ಚಿದ್ದು ಅರ್ಧಕ್ಕಿಂತ ಜಾಸ್ತಿ. 110 ಮುಟ್ಟಿದಾಗ ಅದು 80ರಲ್ಲಿದ್ದದ್ದಕ್ಕಿಂತ ಸುಮಾರು ಎರಡು ಪಟ್ಟು. ನಿಮ್ಮಂಥ ಹ್ಯಾಚ್‌ಬ್ಯಾಕ್‌ಗೆ ಲೆಕ್ಕ ಹಾಕಿ ನೋಡಿದೆ: ಸಮತಟ್ಟಾದ ರಸ್ತೆಯಲ್ಲಿ 80ರಲ್ಲಿ ಓಡಲು ಸುಮಾರು 10 ಅಶ್ವಶಕ್ತಿ ಸಾಕು, 110ಕ್ಕೆ 20 ದಾಟುತ್ತದೆ. 110ರಲ್ಲಿ ಬೇಗ ತಲುಪುತ್ತೀರಿ ಎಂಬುದನ್ನು ಕಳೆದರೂ ಪ್ರತಿ ಕಿ.ಮೀ.ಗೆ ಇಂಜಿನ್ ಒಂದೂವರೆ ಪಟ್ಟು ಕೆಲಸ ಮಾಡಬೇಕು. ಪೆಟ್ರೋಲ್ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಹೊರೆ ಹೆಚ್ಚಿದಾಗ ಇಂಜಿನ್ನಿನ ದಕ್ಷತೆಯೂ ಸ್ವಲ್ಪ ಸುಧಾರಿಸುತ್ತದೆ. ಆದರೂ ನಿಮ್ಮ 15ಕ್ಕೆ ಕಾರಣ ಅಲ್ಲೇ ಇದೆ.

ಈಗ ಇಂಜಿನ್ ಗಾತ್ರ. ನಿಮ್ಮ ಗಾಡಿಯ ಇಂಜಿನ್ 80 ಅಶ್ವಶಕ್ತಿ ಆಸುಪಾಸಿನದು ಅಂದುಕೊಳ್ಳಿ. ಅದರಿಂದ 10 ಮಾತ್ರ ಕೇಳಿದಾಗ ಥ್ರಾಟಲ್, ಅಂದರೆ ಇಂಜಿನ್ನಿಗೆ ಗಾಳಿ ಬಿಡುವ ಕವಾಟ, ಬಹುಪಾಲು ಮುಚ್ಚಿಯೇ ಇರುತ್ತದೆ. ಸಂದಿಯಿಂದ ಗಾಳಿ ಎಳೆದುಕೊಳ್ಳುವುದಕ್ಕೇ ಇಂಜಿನ್ ಶ್ರಮ ಪಡುತ್ತದೆ. ದೊಡ್ಡ ಪೆಟ್ರೋಲ್ ಇಂಜಿನ್ನಿನಲ್ಲಿ ಈ ವ್ಯರ್ಥ ಹೆಚ್ಚು, ಒಳಗಿನ ಉಜ್ಜಾಟವೂ ಹೆಚ್ಚು, ತೂಕವೂ ಹೆಚ್ಚು. ಸಣ್ಣ ಇಂಜಿನ್ ಉಳಿಸುವುದು ಹೀಗೆ, ಆದರೆ ನಿಧಾನವಾಗಿ ಓಡಿಸಿದಾಗ ಮಾತ್ರ. ಸಣ್ಣ ಟರ್ಬೊ ಇಂಜಿನ್ನನ್ನು (ಗಾಳಿಯನ್ನು ಒತ್ತಿ ತುಂಬಿಕೊಳ್ಳುವಂಥದ್ದು) ಜೋರಾಗಿ ಓಡಿಸಿದರೆ ಒಳಗಿನ ಬಿಸಿ ತಗ್ಗಿಸಲು ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವ ಪರಿಸ್ಥಿತಿಯೂ ಬರುತ್ತದೆ. ಡೀಸೆಲ್ ಇಂಜಿನ್ ಗಾಳಿಯನ್ನು ಹಾಗೆ ಕತ್ತು ಹಿಸುಕಿ ಎಳೆಯುವುದಿಲ್ಲ, ಅದರ ಸಂಪೀಡನ ಅನುಪಾತವೂ (ಒಳಗೆ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು) ಹೆಚ್ಚು, ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿಯೂ ಹೆಚ್ಚು. ಹಾಗಾಗಿ 1500 ಡೀಸೆಲ್ ನಿಮ್ಮ 1200 ಪೆಟ್ರೋಲಿಗಿಂತ ಹೆಚ್ಚು ಕೊಟ್ಟರೆ ಅದು ಸಿಸಿಯ ಮಹಿಮೆಯಲ್ಲ. ಅಂದಹಾಗೆ ಮಾರುಕಟ್ಟೆಯಲ್ಲಿ 1200 ಪೆಟ್ರೋಲ್, 1500 ಡೀಸೆಲ್ ಇಷ್ಟೊಂದು ಇರುವುದಕ್ಕೆ ತೆರಿಗೆಯೂ ಕಾರಣ. ನಾಲ್ಕು ಮೀಟರ್ ಒಳಗಿನ ಉದ್ದ, ಈ ಮಿತಿಯೊಳಗಿನ ಇಂಜಿನ್ ಇದ್ದರೆ ತೆರಿಗೆ ಕಡಿಮೆ.

ಕಾಗದದ ಮೇಲಿನ 20ರ ವಿಷಯ: ಆ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ರೋಲರ್‌ಗಳ ಮೇಲೆ, ಅದರ ಗರಿಷ್ಠ ವೇಗ 90. ನೀವು ಓಡಿಸುವ 110 ಅದರಲ್ಲಿ ಇಲ್ಲವೇ ಇಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಂಥ ದೇಶವೇ 1974ರಲ್ಲಿ ಹೆದ್ದಾರಿಗಳ ವೇಗವನ್ನು ಗಂಟೆಗೆ 55 ಮೈಲಿಗೆ, ಅಂದರೆ ನಮ್ಮ 88 ಕಿ.ಮೀ.ಗೆ ಇಳಿಸಿತ್ತು. ಉದ್ದೇಶ ಇಂಧನ ಉಳಿತಾಯ.

ನಮ್ಮ ದಾರಿಗೇ ಸೇರಿದ ಎರಡು ಸಂಗತಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ದುರ್ಗ 730ರ ಆಸುಪಾಸು. ಬೆಳಿಗ್ಗೆ ನೀವು ಏರುತ್ತಾ ಹೋಗುತ್ತೀರಿ. ಸಂಜೆ ಇಳಿಜಾರು ಸಿಗುತ್ತದೆ, ಆದರೆ ಮುಖ ವಾಯವ್ಯಕ್ಕೆ. ಆಷಾಢದಲ್ಲಿ ಪಡುವಣ ಗಾಳಿ ಎದುರಿಗೇ ಬಡಿಯುತ್ತದೆ. ದುರ್ಗದ ಗುಡ್ಡಗಳ ಮೇಲೆ ಸುಮ್ಮನೆ ಗಾಳಿಯಂತ್ರ ನಿಲ್ಲಿಸಿಲ್ಲ. 20ರ ಎದುರುಗಾಳಿಯಲ್ಲಿ 80ರಲ್ಲಿ ಓಡಿದರೆ ಕಾರಿನ ಮೂತಿಗೆ ಅದು 100. ಚಾಲಕ ಅಣ್ಣನ 17 ಮತ್ತು 23ರ ನಡುವಿನ ಅಂತರದಲ್ಲೂ ಒಂದಿಷ್ಟು ಇಳಿಜಾರಿನ ಪಾಲು. ಬೆಂಗಳೂರು ದುರ್ಗಕ್ಕಿಂತ ಎತ್ತರದಲ್ಲಿದೆ, ವಾಪಸ್ ಬರುವಾಗ ಗಾಡಿ ಖಾಲಿ ಬೇರೆ.

ಟ್ಯಾಕ್ಸಿ ಚಾಲಕ, ಚಿತ್ರದುರ್ಗ:
ಮೇಷ್ಟ್ರೇ, ಅದು ನಿಜ. ಆದ್ರೆ ಖಾಲಿ ಗಾಡೀನ 110ರಲ್ಲಿ ವಾಪಸ್ ತಂದಿದ್ದೂ ಐತೆ. 18ರ ಮೇಲೆ ಬರಲಿಲ್ಲ.

ಗ್ಯಾರೇಜ್ ನಡೆಸುವವರು, ಹರಿಹರ:
ಗಾಡಿ ನೋಡದೆ ಹೇಳ್ತಿದ್ದೀನಿ. ಟೈರ್ ಗಾಳಿ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಚೆಕ್ ಮಾಡಿಸಿ, ಬಾಗಿಲ ಪಟ್ಟಿ ಮೇಲೆ ಬರೆದಷ್ಟೇ ಹಾಕಿಸಿ. ಏರ್ ಫಿಲ್ಟರ್ ನೋಡಿಸಿ. ಮೇಲೆ ಕ್ಯಾರಿಯರ್ ಇದ್ರೆ ಬಿಚ್ಚಿಸಿ. ಗಾಡಿ ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಒಂದೇ ಚಕ್ರ ಜಾಸ್ತಿ ಕಾದಿದ್ರೆ ಬ್ರೇಕ್ ಹಿಡಿದಿದೆ ಅಂತ. ಇಂಥ ಗಾಡಿಗಳು ವಾರಕ್ಕೊಂದು ಬರ್ತವೆ, ಓನರ್‌ಗೆ ಗೊತ್ತೇ ಇರಲ್ಲ.

ಶಿಕ್ಷಕಿ, ಹೊಳಲ್ಕೆರೆ:
ನಮ್ಮ ಮನೆಯಲ್ಲಿ ಎರಡೂ ಇವೆ, ಹಾಗಾಗಿ ಬರೆಯುತ್ತಿದ್ದೇನೆ. ನನ್ನದು 1000 ಸಿಸಿ ಟರ್ಬೊ, ಯಜಮಾನರದು 1500 ಡೀಸೆಲ್ ಎಸ್‌ಯುವಿ. ನಾನು 75, 80ರಲ್ಲಿ ಹೋದರೆ ನನ್ನ ಕಾರು 19 ಕೊಡುತ್ತದೆ. ಅದೇ ಕಾರನ್ನು ತಮ್ಮ ತೆಗೆದುಕೊಂಡು ಹೋಗಿ ಬಂದರೆ 13. ಡೀಸೆಲ್ 85ರಲ್ಲಿ 20 ಕೊಡುತ್ತದೆ, 110ರಲ್ಲಿ 16. ಎತ್ತರದ ಗಾಡಿ, ಗಾಳಿಗೆ ಎದೆ ಕೊಟ್ಟು ಹೋಗುತ್ತದೆ. ಕೊಳ್ಳುವಾಗ ಪೆಟ್ರೋಲ್ ಮಾದರಿಗಿಂತ ಒಂದೂವರೆ ಲಕ್ಷ ಹೆಚ್ಚು ಕೊಟ್ಟಿದ್ದೆವು. ನೀವು ತಿಂಗಳಿಗೆ 3000 ಕಿ.ಮೀ. ಓಡಿಸುವುದರಿಂದ ಡೀಸೆಲ್ ಲೆಕ್ಕಕ್ಕೆ ಬರಬಹುದು, ಆದರೆ ಇರುವ ಗಾಡಿ ಕಳೆದುಕೊಳ್ಳುವ ಬೆಲೆಯನ್ನೂ ಸೇರಿಸಿ ನೋಡಿ ಸಾರ್. ಊರೊಳಗೇ ಸುತ್ತಾಡುವವರಾದರೆ ಹೊಸ ಡೀಸೆಲ್ ಬೇಡವೇ ಬೇಡ, ಹೊಗೆ ಸೋಸುವ ಫಿಲ್ಟರ್ ಕಟ್ಟಿಕೊಂಡು ನಾವು ಒಮ್ಮೆ ಒದ್ದಾಡಿದ್ದೇವೆ.

ಮೊಬೈಲ್ ಅಂಗಡಿಯವರು, ಭರಮಸಾಗರ:
ಬೈಕಿಗೂ ಇದೇ ಕಥೆ. 100 ಸಿಸಿಯಲ್ಲಿ 50ರಲ್ಲಿ ಹೋದ್ರೆ 65, 80ರಲ್ಲಿ ಹಿಂಡಿದ್ರೆ 50.

ಉಪನ್ಯಾಸಕ, ದಾವಣಗೆರೆ:
ಅಳೆಯುವ ವಿಧಾನ ಹೇಳುವುದನ್ನು ಮರೆತೆ. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯನ್ನೇ ನೆಚ್ಚಬೇಡಿ. ಒಂದೇ ಬಂಕ್, ಒಂದೇ ಪಂಪ್, ನಳಿಗೆ ತಾನಾಗಿ ನಿಂತ ಮೇಲೆ ಮತ್ತೆ ತುರುಕಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮುಂದಿನ ಸಲ ತುಂಬಿಸಿದಾಗ ಓಡಿದ ಕಿ.ಮೀ.ಯನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಒಂದು ಟ್ಯಾಂಕ್ ಸಾಲದು, ಕನಿಷ್ಠ ಮೂರು. ಇನ್ನು 80 ಅಂದರೆ ಟಾಪ್ ಗೇರ್‌ನಲ್ಲಿ ಒಂದೇ ಸಮ. 60ಕ್ಕೆ ಇಳಿದು 100ಕ್ಕೆ ಏರಿ ಸರಾಸರಿ 80 ಮಾಡಿದರೆ ಪ್ರಯೋಜನವಿಲ್ಲ. ತೀರಾ ನಿಧಾನವೂ ಉಳಿತಾಯವಲ್ಲ. ಕೆಳಗಿನ ಗೇರ್‌ನಲ್ಲಿ 30ರಲ್ಲಿ ತೆವಳಿದರೆ ಇಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳುವುದಕ್ಕೇ ಹೆಚ್ಚು ಸುಡುತ್ತದೆ.

ಕೇಳಿದವರು, ಒಂದು ತಿಂಗಳ ನಂತರ:
ಎಲ್ಲರಿಗೂ ಮನಸಾರೆ ಧನ್ಯವಾದ. ಹರಿಹರದ ಅಣ್ಣ, ನಿಮ್ಮ ಮಾತು ಕೇಳಿ ನೋಡಿಸಿದೆ. ಬ್ರೇಕ್ ಸರಿಯಿತ್ತು, ಹಿಂದಿನ ಎರಡೂ ಟೈರ್‌ಗಳಲ್ಲಿ ಗಾಳಿ 7 ಪಾಯಿಂಟ್ ಕಡಿಮೆಯಿತ್ತು. ಅದನ್ನು ಸರಿಮಾಡಿಸಿ, ಎಡದ ಲೇನ್ ಹಿಡಿದು 80, 82ರಲ್ಲಿ ಹೋಗಿ ಬಂದೆ. ಮೂರು ಟ್ಯಾಂಕಿನ ಲೆಕ್ಕ: 18.2, 18.9, 18.6. ಇದರಲ್ಲಿ ಟೈರಿನ ಪಾಲೆಷ್ಟು, ವೇಗದ ಪಾಲೆಷ್ಟು ಅಂತ ಬೇರ್ಪಡಿಸಲು ಆಗಲಿಲ್ಲ, ಎರಡನ್ನೂ ಒಟ್ಟಿಗೇ ಮಾಡಿಬಿಟ್ಟೆ. ತಿಂಗಳಿಗೆ 200 ಲೀಟರ್ ಬೇಕಿದ್ದದ್ದು 161ಕ್ಕೆ ಬಂತು, ಹತ್ತಿರ ನಾಲ್ಕು ಸಾವಿರ ಉಳಿಯಿತು. ಕಳೆದುಕೊಂಡದ್ದು ಒಂದು ಕಡೆಗೆ 8 ನಿಮಿಷ. ಮೊದಲ ವಾರ ಲಾರಿಗಳ ಹಿಂದೆ ಹೋಗುವುದು ಕಷ್ಟವಾಯಿತು, ಈಗ ಅಭ್ಯಾಸವಾಗಿದೆ, ಸಂಜೆ ಮನೆಗೆ ಬಂದಾಗ ತೋಳು, ಬೆನ್ನು ಹಿಡಿದುಕೊಂಡಂತೆ ಅನಿಸುವುದೂ ಇಲ್ಲ. ಕಾರು ಮಾರುವ ಮಾತು ಬಿಟ್ಟಿದ್ದೇನೆ. ಮೇಷ್ಟ್ರೇ, ಮುಂದಿನ ವಾರದಿಂದ ಆಷಾಢ. ಆ ಗಾಳಿಯಲ್ಲಿ ಎಷ್ಟು ಬರುತ್ತದೆ ಅಂತ ಇನ್ನೂ ಮೂರು ಟ್ಯಾಂಕ್ ಅಳೆದು ಇಲ್ಲೇ ಬರೆಯುತ್ತೇನೆ.