ನೀಲಿ ಪುಡಿ ಕಂದು ಆಯ್ತು, ಸಮುದ್ರದ ನೀರಲ್ಲಿ ಸೀಸಿಯಂ ಲೆಕ್ಕವೂ ಕೂಡಿ ಬರುದಿಲ್ಲ

ಕಾಪು ಲೈಟ್‌ಹೌಸ್:
ಎಂಎಸ್ಸಿ ಕೊನೆ ಸೆಮ್ ಪ್ರಾಜೆಕ್ಟ್. ನೀರಿನಿಂದ ಸೀಸಿಯಂ (ಸೋಡಿಯಂ ಜಾತಿಯದ್ದೇ ಒಂದು ಲೋಹ, ಅದರ ವಿಕಿರಣದ ರೂಪ ಅಪಾಯ) ಹಿಡಿಯುವ ನ್ಯಾನೊ ಪುಡಿ ಮಾಡ್ತಿದ್ದೇನೆ, ಒಳಗೆ ಮ್ಯಾಗ್ನೆಟೈಟ್ ಅಂದ್ರೆ ಆಯಸ್ಕಾಂತಕ್ಕೆ ಅಂಟುವ ಕಪ್ಪು ಕಬ್ಬಿಣದ ಆಕ್ಸೈಡ್, ಹೊರಗೆ ಪ್ರಷ್ಯನ್ ಬ್ಲೂ ಅಂದ್ರೆ ಕಬ್ಬಿಣ, ಸಯನೈಡ್ ಸೇರಿದ ನೀಲಿ ಬಣ್ಣ. ಬರೀ ಪ್ರಷ್ಯನ್ ಬ್ಲೂ ಆದ್ರೆ ಫಿಲ್ಟರ್ ಪೇಪರಿನಲ್ಲಿ ನಿಲ್ಲುದಿಲ್ಲ, ಕೆಳಗಿಳಿದ ನೀರೂ ನೀಲಿ. ಆಯಸ್ಕಾಂತಕ್ಕೆ ಅಂಟುವ ಹಾಗೆ ಮಾಡಿದ್ದು ಅದಕ್ಕೇ. ವಿಕಿರಣ ಗಿಕಿರಣ ಎಂತದೂ ಇಲ್ಲ, ನಮ್ಮದು ಮಾಮೂಲಿ ಸೀಸಿಯಂ ಕ್ಲೋರೈಡ್.

ಕಬ್ಬಿಣದ ಎರಡು ಬಗೆ ಲವಣ, ಫೆರಸ್ ಒಂದು ಪಾಲು, ಫೆರಿಕ್ ಎರಡು ಪಾಲು, ಬಿಸಿಯಲ್ಲಿ ಅಮೋನಿಯಾ. ಕಪ್ಪು ಪುಡಿ ಚೆನ್ನಾಗಿ ಬಂತು, ಅಣ್ಣನ ಹಳೆ ಸ್ಪೀಕರಿನ ಆಯಸ್ಕಾಂತ ಇಟ್ರೆ ಅರ್ಧ ನಿಮಿಷದಲ್ಲಿ ಬೀಕರಿನ ಗೋಡೆಗೆ ಹೋಗಿ ಕೂತ್ಕೊಳ್ತದೆ. ತೊಳೆದು, ಸ್ವಲ್ಪ ಹುಳಿ ಮಾಡಿ, ಪೊಟ್ಯಾಸಿಯಂ ಫೆರೋಸಯನೈಡ್ ಹನಿ ಹನಿ ಹಾಕಿದೆ. ಕಡು ನೀಲಿ! ಆ್ಯಸಿಡ್ ಉಳಿಯಬಾರದು ಅಂತ ಕೊನೆಗೊಮ್ಮೆ ಅಮೋನಿಯಾ ನೀರಲ್ಲಿ ತೊಳೆದಿಟ್ಟು ಐದು ಗಂಟೆ ಬಸ್ಸಿಗೆ ಓಡಿದೆ. ಬೆಳಿಗ್ಗೆ ನೋಡಿದ್ರೆ ಪುಡಿ ಕಂದು, ಮೇಲಿನ ನೀರು ತಿಳಿ ಹಳದಿ.

ಎರಡನೇದು. ಹಿಂದಿನ ವಾರದ ಒಳ್ಳೆ ಬ್ಯಾಚಲ್ಲಿ, ಡಿಸ್ಟಿಲ್ಡ್ ನೀರಿಗೆ ಲೀಟರಿಗೆ 10 ಮಿ.ಗ್ರಾಂ ಸೀಸಿಯಂ ಹಾಕಿದ್ರೆ ಉಳಿದದ್ದು 0.4. ಕಾಪು ಬೀಚಿನ ನೀರಲ್ಲಿ ಅದೇ 10 ಹಾಕಿದ್ರೆ ಉಳಿದದ್ದು 6.1. ಓದಿದ್ದು ಎಎಎಸ್‌ನಲ್ಲಿ, ಅಂದ್ರೆ ನೀರನ್ನು ಜ್ವಾಲೆಗೆ ಸಿಂಪಡಿಸಿ, ಅಲ್ಲಿನ ಪರಮಾಣುಗಳು ಎಷ್ಟು ಬೆಳಕು ಹೀರ್ತವೆ ಅಂತ ಅಳೆಯುವ ಯಂತ್ರ. "ಸೋಡಿಯಂ ಪೈಪೋಟಿ ಅಂತ ಬರ್ದುಬಿಡು" ಅಂತಾರೆ ಗೈಡ್. ನನಗೆ ಸಮಾಧಾನ ಇಲ್ಲ.

ಹಳೆ ಬ್ಯೂರೆಟ್ (ಉಡುಪಿ):
ಅಮೋನಿಯಾದಲ್ಲಿ ತೊಳೆದಿರಾ ಮಾರಾಯ್ರೆ! ಪ್ರಷ್ಯನ್ ಬ್ಲೂಗೆ ಹುಳಿ ಆಗ್ತದೆ, ಕ್ಷಾರ ಆಗುದಿಲ್ಲ. ಕ್ಷಾರ ತಾಗಿದ್ರೆ ಕಬ್ಬಿಣ ಹೈಡ್ರಾಕ್ಸೈಡ್ ಆಗಿ ಕಂದಾಗ್ತದೆ, ಫೆರೋಸಯನೈಡ್ ನೀರಿಗೆ ಬಿಡ್ತದೆ. ಆ ಹಳದಿ ಅದೇ. ನಂಬಿಕೆ ಬಾರದಿದ್ರೆ ಆ ನೀರು ಒಂದಿಷ್ಟು ತೆಗೆದು, ಹುಳಿ ಮಾಡಿ, ಒಂದು ಹನಿ ಫೆರಿಕ್ ಕ್ಲೋರೈಡ್ ಬಿಡಿ, ನೀಲಿ ವಾಪಸ್ ಬರ್ತದೆ. ಫ್ಯೂಮ್ ಹುಡ್ಡಿನಲ್ಲೇ ಮಾಡಿ, ದುರ್ಬಲ ಆ್ಯಸಿಡ್ ಸಾಕು. ಫೆರೋಸಯನೈಡನ್ನು ಗಟ್ಟಿ ಆ್ಯಸಿಡ್ ಜೊತೆ ಕಾಯಿಸುದು ಮಾತ್ರ ಬೇಡವೇ ಬೇಡ, ಹೈಡ್ರೋಜನ್ ಸಯನೈಡ್ ಬರ್ತದೆ.

ಇನ್ನು ಮುಂದೆ ಡಿಸ್ಟಿಲ್ಡ್ ನೀರಲ್ಲೇ ತೊಳೆಯಿರಿ, ತೊಳೆದ ನೀರಿನ ಪಿಎಚ್ ನೋಡ್ತಾ ಇರಿ. ಸಮುದ್ರದ ನೀರೇ 8ರ ಆಸುಪಾಸು, ಅದರಲ್ಲೂ ತುಂಬ ಹೊತ್ತು ನೆನೆಸಿಡಬೇಡಿ.

ಎರಡನೇದಕ್ಕೆ ನನ್ನದೊಂದು ಪ್ರಶ್ನೆ: ಪುಡಿ ಹಾಕದೆ, ಬರೀ ಸೀಸಿಯಂ ಹಾಕಿದ ಸಮುದ್ರದ ನೀರನ್ನು ಓದಿಸಿದ್ದೀರಾ?

ಕಾಪು ಲೈಟ್‌ಹೌಸ್:
ಇಲ್ಲ ಸರ್, 10 ಅಂತ ಹಿಡ್ಕೊಂಡೆ. ಇವತ್ತು ಓದಿಸಿದೆ. 17 ಬಂತು! ಪಿಪೆಟ್ ತಪ್ಪಾಯ್ತೋ ಅಂತ ಮತ್ತೆ ಮಾಡಿದೆ, ಮತ್ತೂ 17.

ಹಳೆ ಬ್ಯೂರೆಟ್:
ಪಿಪೆಟ್ಟಿನದ್ದಲ್ಲ, ಜ್ವಾಲೆಯದ್ದು. ಸೀಸಿಯಂ ಎಲೆಕ್ಟ್ರಾನ್ ಕಳ್ಕೊಳ್ಳುದ್ರಲ್ಲಿ ಮಹಾ ಉದಾರಿ. ಜ್ವಾಲೆಗೆ ಹೋದದ್ದರಲ್ಲಿ ಬಹುಪಾಲು ಅಯಾನ್ ಆಗಿ, ಯಂತ್ರಕ್ಕೆ ಕಾಣುದೇ ಇಲ್ಲ. ಸಮುದ್ರದ ನೀರಿನ ಸೋಡಿಯಂ, ಪೊಟ್ಯಾಸಿಯಂ ಎಲೆಕ್ಟ್ರಾನ್ ಸುರಿದು ಅದನ್ನು ತಡೀತವೆ, ಆಗ ಇದ್ದದ್ದಕ್ಕಿಂತ ಹೆಚ್ಚು ಕಾಣ್ತದೆ. ನಿಮ್ಮ ಸ್ಟ್ಯಾಂಡರ್ಡ್ (ಹೋಲಿಸ್ಲಿಕ್ಕೆ ಇಡುವ, ಸೀಸಿಯಂ ಎಷ್ಟು ಅಂತ ಗೊತ್ತಿರುವ ದ್ರಾವಣ) ಡಿಸ್ಟಿಲ್ಡ್ ನೀರಿನದ್ದು, ಸ್ಯಾಂಪಲ್ ಉಪ್ಪಿನದ್ದು. 17ರಲ್ಲಿ 6.1 ಉಳಿದರೆ ಪುಡಿ ಹಿಡಿದದ್ದು ಸುಮಾರು 64%, ನಿಮ್ಮ ಲೆಕ್ಕದ 39% ಅಲ್ಲ. ಸ್ಟ್ಯಾಂಡರ್ಡಿಗೂ ಸ್ಯಾಂಪಲ್ಲಿಗೂ ಲೀಟರಿಗೆ 2 ಗ್ರಾಂನಷ್ಟು ಪೊಟ್ಯಾಸಿಯಂ ಬರುವ ಹಾಗೆ ಕ್ಲೋರೈಡ್ ಹಾಕಿ, ಸಮುದ್ರದ ನೀರನ್ನು ತೆಳು ಮಾಡಿ ಓದಿಸಿ. ಇಲ್ಲದಿದ್ರೆ ಬರ್ನರಿನ ಸಂದಿಗೆ ಉಪ್ಪು ಕಟ್ಟಿ ಲ್ಯಾಬಿನವರ ಹತ್ರ ಬೈಸಿಕೊಳ್ತೀರಿ. ಈ ಪೊಟ್ಯಾಸಿಯಂ ಓದಿಸುವಾಗ ಮಾತ್ರ ಹಾಕುದು, ಪುಡಿಯೊಟ್ಟಿಗೆ ಅಲ್ಲ!

ಗೈಡ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಆದ್ರೆ ಸೋಡಿಯಂ ತನ್ನ ಸುತ್ತಲಿನ ನೀರನ್ನು ಬಿಗಿ ಹಿಡ್ಕೊಂಡಿರ್ತದೆ, ಸೀಸಿಯಂ ಸುಲಭದಲ್ಲಿ ಕಳಚಿ ಆ ನೀಲಿ ಗೂಡಿನೊಳಗೆ ಹೋಗಿ ಕೂರ್ತದೆ. ಅಡ್ಡ ಬರುದು ಹೆಚ್ಚಾಗಿ ಪೊಟ್ಯಾಸಿಯಂ, ಸಮುದ್ರದಲ್ಲಿ ಲೀಟರಿಗೆ ಸುಮಾರು 400 ಮಿ.ಗ್ರಾಂ ಉಂಟು.

ಪಣಂಬೂರು ಶಿಫ್ಟ್:
ನಡುವೆ ಬಾಯಿ ಹಾಕ್ತೇನೆ. ಇದನ್ನು ನಮ್ಮ ಬಾವಿಗೆ ಹಾಕ್ಬಹುದಾ? ಅತ್ತ ಕೈಗಾ ಅಣುಸ್ಥಾವರ ಉಂಟಲ್ಲ, ಅಮ್ಮನಿಗೆ ಅದೇ ಹೆದರಿಕೆ.

ಹಳೆ ಬ್ಯೂರೆಟ್:
ಅಮ್ಮನಿಗೆ ಧೈರ್ಯ ಹೇಳಿ, ಕೈಗಾ ಇರುದು ಕಾರವಾರದ ಹತ್ರ. ಬಾವಿಗೆ ಎಂತದೂ ಹಾಕಬೇಡಿ. ಈ ಪುಡಿ ವಿಕಿರಣವನ್ನು ಕೊಲ್ಲುದಿಲ್ಲ, ಒಟ್ಟು ಮಾಡ್ತದೆ ಅಷ್ಟೆ. ವಿಕಿರಣ ಸೂಸುವ ಸೀಸಿಯಂ-137 ಅರ್ಧ ಆಗ್ಲಿಕ್ಕೇ 30 ವರ್ಷ ಬೇಕು, ಆಮೇಲೆ ಆ ಪುಡಿಯೇ ಕಸ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಸೀಸಿಯಂ ಹೊಟ್ಟೆಗೆ ಹೋದವರಿಗೆ ಪ್ರಷ್ಯನ್ ಬ್ಲೂವನ್ನೇ ನುಂಗಿಸಿದ್ದರು ನಿಜ, ಆದ್ರೆ ಅದು ಡಾಕ್ಟರರು ಕೊಟ್ಟ ಔಷಧ.

ಲೈಟ್‌ಹೌಸ್ ಅವರಿಗೂ ಒಂದು ಮಾತು. ಒಂದು ಗ್ರಾಂ ಸೀಸಿಯಂ-137 ಅಂದ್ರೆ ಸುಮಾರು 3.2 ಲಕ್ಷ ಕೋಟಿ ಬೆಕ್ವೆರೆಲ್ (ಸೆಕೆಂಡಿಗೆ ಒಂದು ಪರಮಾಣು ಒಡೆದ್ರೆ ಒಂದು ಬೆಕ್ವೆರೆಲ್). ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 10. ಅಂದ್ರೆ ಆ 10 ಬೆಕ್ವೆರೆಲ್ ಮಟ್ಟದಲ್ಲಿ ಸೀಸಿಯಂ-137 ಇರುದು ನಿಮ್ಮ 10 ಮಿ.ಗ್ರಾಂನ ಕೋಟಿಯಲ್ಲೊಂದು ಪಾಲೂ ಅಲ್ಲ. ವೈವಾದಲ್ಲಿ ನಾನಾದ್ರೆ ಇದನ್ನೇ ಕೇಳ್ತಿದ್ದೆ.

ಕಾಪು ಲೈಟ್‌ಹೌಸ್:
ಫೆರಿಕ್ ಕ್ಲೋರೈಡ್ ಹಾಕಿ ನೋಡಿದೆ ಸರ್, ನೀಲಿ ಬಂತು! ಅರ್ಧ ನಗು, ಅರ್ಧ ಅಳು, 8 ಗ್ರಾಂ ಪುಡಿ ಹೋಯ್ತಲ್ಲ. ಸೋಮವಾರ ಪೊಟ್ಯಾಸಿಯಂ ಹಾಕಿ ಎಲ್ಲ ಸ್ಟ್ಯಾಂಡರ್ಡ್ ಹೊಸತು ಮಾಡ್ತೇನೆ. ಈ ಮಳೆಗೆ ಕರೆಂಟ್ ಇದ್ರೆ.