ಸಹಾಯ ಬೇಕು: ಬಾಟಲಿ ಶ್ವಾಸಕೋಶದಲ್ಲಿ ಒಂದು ಗೊಂದಲ

ಮಗಳ ವಿಜ್ಞಾನ ಪ್ರಾಜೆಕ್ಟಿಗೆ ಬಾಟಲಿಯ ತಳ ಕತ್ತರಿಸಿ, ಒಳಗೆ ಶ್ವಾಸಕೋಶ ಅಂತ ಎರಡು ಬಲೂನು ಇಳಿಬಿಟ್ಟು, ಕೆಳಗೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಅಂತ ಇನ್ನೊಂದು ಬಲೂನು ಕಟ್ಟಿದ್ದೇವೆ. ಮೊದಲು ಉಬ್ಬಲೇ ಇಲ್ಲ. ಮುಚ್ಚಳದ ಹತ್ತಿರ ಗಾಳಿ ಸೋರುತ್ತಿತ್ತು, ಮೇಣ ಮೆತ್ತಿದ ಮೇಲೆ ಸರಿಹೋಯಿತು. ಈಗ ವಪೆ ಕೆಳಗೆಳೆದರೆ ಒಳಗಿನ ಒತ್ತಡ ಇಳಿದು ಬಲೂನು ತಾನಾಗಿ ಉಬ್ಬುತ್ತದೆ. ಗಾಳಿ ನುಗ್ಗಿ ಎದೆ ಹಿಗ್ಗುತ್ತದೆ ಅಂದುಕೊಂಡಿದ್ದೆ ನಾನು. ಉಲ್ಟಾ ಅಂತೆ!

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಬಾಟಲಿಯಲ್ಲಿ ಬಲೂನಿನ ಸುತ್ತ ಎಷ್ಟೊಂದು ಗಾಳಿ ಇದೆ. ನಮ್ಮ ಎದೆಯಲ್ಲಿ ಶ್ವಾಸಕೋಶದ ಸುತ್ತ ಎರಡು ಪೊರೆ, ನಡುವೆ ತೆಳುವಾಗಿ ದ್ರವ, ಅಷ್ಟೇ ಅಲ್ವಾ? ನಾಲ್ಕೈದು ವೀಡಿಯೊ ನೋಡಿದೆ, ಎಲ್ಲರೂ ಬಲೂನು ತೋರಿಸಿ ಮುಗಿಸುತ್ತಾರೆ.

ಎದೆಗೂಡು ಹಿಗ್ಗಿದಾಗ ಶ್ವಾಸಕೋಶವನ್ನು ಜೊತೆಗೆ ಎಳೆಯುವುದು ಆ ದ್ರವದ ಅಂಟೋ, ಪೊರೆಗಳ ನಡುವಿನ ಕಡಿಮೆ ಒತ್ತಡವೋ? ಏಳನೇ ಕ್ಲಾಸಿನವಳಿಗೆ ಅರ್ಥವಾಗುವ ಹಾಗೆ ಯಾರಾದರೂ ಹೇಳುತ್ತೀರಾ?