ಪದಚರ್ಚೆ: 'ರಿಅಲೈನ್‌ಮೆಂಟ್'ಗೆ ಕನ್ನಡ ಏನು? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಕಾಲೇಜಿನಲ್ಲಿ 1990–91ರ ಕೊಲ್ಲಿ ಯುದ್ಧದ ಬಗ್ಗೆ ಪ್ರದರ್ಶನ ಇದೆ. ಇರಾಕ್ ಕುವೈತಿಗೆ ನುಗ್ಗಿದ ಮೇಲೆ ಆಸುಪಾಸಿನ ದೇಶಗಳ ವಿದೇಶಾಂಗ ನೀತಿ ಹೇಗೆ ತಿರುಗಿತು ಅನ್ನೋ ಫಲಕಕ್ಕೆ ತಲೆಬರಹ ಬೇಕು. ಕಂಪ್ಯೂಟರ್ ಕೊಟ್ಟಿದ್ದು 'ಪ್ರಾದೇಶಿಕ ರಾಜ್ಯಗಳ ಮರುಹೊಂದಾಣಿಕೆ'. ಓದಿದವರು ಕರ್ನಾಟಕ, ಕೇರಳ ಅಂದುಕೊಳ್ಳುತ್ತಾರೆ. ಫ್ಲೆಕ್ಸ್‌ನವರು ನಾಳೆ ಬೆಳಿಗ್ಗೆ 10ಕ್ಕೆ ಫೈಲ್ ಕೇಳಿದ್ದಾರೆ, ಬೇಗ ಹೇಳಿ.

ಉತ್ತರ 1
'ಪಾಳಯ ಬದಲು'. ಚರ್ಚೆಗೇನಿದೆ ಇದರಲ್ಲಿ? ಪಾಳಯ ನಮ್ಮದೇ ಪದ. ಪಾಳೆಯಗಾರ, ಕಾಮಾಕ್ಷಿಪಾಳ್ಯ ಎಲ್ಲ ಅದರ ಬಳಗವೇ. 'ಯುದ್ಧ'ವೂ ಬೇಡ, 'ಕೊಲ್ಲಿ ಕಾಳಗ' ಅನ್ನಿ. ಸಂಸ್ಕೃತದ ಹಂಗು ಇನ್ನೆಷ್ಟು ದಿನ?

ಉತ್ತರ 2
ಸರ್, 'ಬದಲು' ಅರಬ್ಬಿಯಿಂದ ಬಂದದ್ದು. ಅಚ್ಚಗನ್ನಡ ಅಂತ ಹೇಳಿ ಅರಬ್ಬಿ ಬಡಿಸಿದ್ದೀರಿ. ವಿಷಯಕ್ಕೆ ಹೊಂದುತ್ತೆ ಬಿಡಿ. 'ಕೊಲ್ಲಿ ಕಾಳಗ' ಮಾತ್ರ ಕೋಳಿ ಅಂಕದ ಹಾಗೆ ಕೇಳುತ್ತೆ.

ನನ್ನ ತಕರಾರು ಅರ್ಥದ್ದು. ಪಾಳಯ ಬದಲಿಸಿದವರು ಯಾರು? ಸಿರಿಯಾನಾ? ಅದು 1980–88ರ ಇರಾನ್–ಇರಾಕ್ ಯುದ್ಧದಲ್ಲೇ ಇರಾನ್ ಕಡೆ ಇತ್ತು, ಇರಾಕಿನ ಅಧ್ಯಕ್ಷ ಸದ್ದಾಂ ಅದಕ್ಕೆ ಹಳೇ ವೈರಿ. ಸೋವಿಯತ್ ಟ್ಯಾಂಕುಗಳ ಆ ಸೈನ್ಯ ಸೌದಿಗೆ ಬಂದು ಅಮೆರಿಕದವರ ಸಾಲಿನಲ್ಲಿ ನಿಂತಿತಲ್ಲ, ಹೊಸದು ಅಂದ್ರೆ ಅದು. ಜೋರ್ಡಾನ್ ಇರಾಕ್ ವಿರುದ್ಧದ ಅಮೆರಿಕದ ಕೂಟ ಸೇರಲೇ ಇಲ್ಲ. ಇರಾನ್ ತಟಸ್ಥ ಅನ್ನುತ್ತಲೇ ಇರಾಕಿನಿಂದ ಹಾರಿಬಂದ ಯುದ್ಧವಿಮಾನಗಳನ್ನು ಇಟ್ಟುಕೊಂಡಿತು. ಯೆಮನ್ ಸದ್ದಾಂ ವಿರುದ್ಧ ನಿಲ್ಲಲಿಲ್ಲ ಅಂತ ಸೌದಿಯವರು ಅಲ್ಲಿ ದುಡಿಯುತ್ತಿದ್ದ ಯೆಮನಿಗಳಿಗೆ ಇದ್ದ ರಿಯಾಯಿತಿ ಕಿತ್ತುಕೊಂಡರು, ಲಕ್ಷಾಂತರ ಜನ ಗಂಟುಮೂಟೆ ಕಟ್ಟಿದರು. ಅಷ್ಟಾದ ಮೇಲೂ ನವೆಂಬರಿನಲ್ಲಿ ಇರಾಕ್ ಮೇಲೆ ಬಲಪ್ರಯೋಗಕ್ಕೆ ಒಪ್ಪಿಗೆ ಕೊಟ್ಟ ವಿಶ್ವಸಂಸ್ಥೆ ಭದ್ರತಾ ಮಂಡಳಿಯ 678ನೇ ನಿರ್ಣಯಕ್ಕೆ ವಿರುದ್ಧವಾಗಿ ಮತ ಹಾಕಿದ್ದು ಯೆಮನ್ ಮತ್ತು ಕ್ಯೂಬಾ ಎರಡೇ.

ಇಷ್ಟನ್ನೂ ಒಂದು ನಾಮಪದಕ್ಕೆ ಯಾಕೆ ತುರುಕಬೇಕು? 'ಯುದ್ಧ ಬಂದಾಗ ಯಾರು ಯಾರ ಕಡೆ?' ಅಂತ ಹಾಕಿ. ಒಳಗೆ 'ನಿಲುವು ಬದಲಾವಣೆ' ಸಾಕು. 'ರಾಜ್ಯ' ತೆಗೆದು 'ದೇಶ' ಮಾಡಿ.

ಉತ್ತರ 3
'ನಾನ್‌ಅಲೈನ್ಡ್'ಗೆ 'ಅಲಿಪ್ತ' ಹೇಗೂ ಇದೆಯಲ್ಲ? ಲೇಪನದ ಧಾತುವೇ ಅದು, ಮೆತ್ತಿಕೊಳ್ಳದ್ದು ಅಲಿಪ್ತ. ಹಾಗಾದರೆ ಇದು 'ಮರುಲಿಪ್ತತೆ'. ಶಾಸ್ತ್ರಶುದ್ಧ.

ಉತ್ತರ 2
ಶಾಸ್ತ್ರಶುದ್ಧ, ಆದರೆ ಆಯಿಂಟ್‌ಮೆಂಟ್ ಹೆಸರು. ಅಲಿಪ್ತ ಭಾರತವೇ 1991ರ ಜನವರಿಯಲ್ಲಿ ಅಮೆರಿಕದ ಮಿಲಿಟರಿ ವಿಮಾನಗಳಿಗೆ ಇಲ್ಲಿ ಇಂಧನ ತುಂಬಿಸಿಕೊಳ್ಳಲು ಬಿಟ್ಟಿತ್ತು. ಗಲಾಟೆಯಾದ ಮೇಲೆ ನಿಲ್ಲಿಸಿತು. ಅದಕ್ಕೇನು ಅಂತೀರಿ, ಅರೆಲಿಪ್ತವಾ?

ಉತ್ತರ 1
'ಬದಲು' ಹಳ್ಳಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ಆದ್ದರಿಂದ ಕನ್ನಡ.

ಉತ್ತರ 2
'ಯುದ್ಧ'ವೂ ಇದೆ ಸರ್.

ಉತ್ತರ 1
ಇದೆ, 'ಯುದ್ದ' ಅಂತ ಇದೆ. ಮಹಾಪ್ರಾಣ ಯಾರ ಬಾಯಲ್ಲಿ ಕೇಳಿದ್ದೀರಿ?

ಕೇಳಿದವರು
'ಯಾರು ಯಾರ ಕಡೆ?' ಹಾಕಿದೆ, ಥ್ಯಾಂಕ್ಸ್. ಭಾರತದ ಇಂಧನದ ವಿಷಯವನ್ನೂ ಕೆಳಗೆ ಸೇರಿಸಿದ್ದೇನೆ. ಮಹಾಪ್ರಾಣಕ್ಕೆ ದಯವಿಟ್ಟು ಬೇರೆ ಮೇಲ್ ಶುರು ಮಾಡಿ.